ಲೈನಿನಲ್ಲಿ ಇರಿ

ಲಾಕ್‌ಡೌನ್ ವರ್ಷದ ನನ್ನ ಡೈರಿಯಲ್ಲಿ ಬಾಯಮ್ಮ ನೂರ ಎಪ್ಪತ್ತಮೂರು ಸಲ ಬರುತ್ತಾರೆ. ಮೊನ್ನೆ ಕುಳಿತು ಎಣಿಸಿದೆ. ಬಾಯಮ್ಮ ಎಂಬುದು ಅವರ ಹೆಸರಲ್ಲ. ಬಾಗಿಲಿನ ಫಲಕದಲ್ಲಿ ಬೇರೆ ಹೆಸರಿತ್ತು, ಪೆನ್ಷನ್ ಕಾಗದದಲ್ಲಿ ಇನ್ನೂ ಉದ್ದದ್ದು. ತುಳು ಮಾತಾಡುವ ನಮ್ಮಂಥ ಮನೆಗಳಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಅಮ್ಮ ಕರೆದಳು, ನಾನೂ ಕರೆದೆ. ಅವರು ತೀರಿಕೊಂಡು ಇವತ್ತಿಗೆ ನಲವತ್ತು ದಿನ. ತಿಂಗಳ ಪೂಜೆಯೂ ಮುಗಿಯಿತು. ಬರೆಯುವುದಿದ್ದರೆ ಈಗಲೇ ಬರೆಯಬೇಕು, ಇಲ್ಲದಿದ್ದರೆ ಡೈರಿಯಲ್ಲಿ ಇದ್ದದ್ದು ಡೈರಿಯಲ್ಲೇ ಉಳಿಯುತ್ತದೆ.

ಅತ್ತಾವರದ ನಮ್ಮ ಹಳೆಯ ಕಟ್ಟಡದಲ್ಲಿ ನಾವು ನೆಲಮಹಡಿ, ಅವರು ಎರಡನೇ ಮಹಡಿ. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಜನ ಟ್ರಂಕ್ ಕಾಲ್ ಬುಕ್ ಮಾಡಿ ಮಧ್ಯಾಹ್ನದ ಊಟ ಬಿಟ್ಟು ಕಾಯುತ್ತಿದ್ದ ಕಾಲದಲ್ಲಿ ಈ ಊರನ್ನು ಬೊಂಬಾಯಿಗೆ ಜೋಡಿಸಿಕೊಟ್ಟವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕೆಲಸ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಕೆಳಗೆ ಮೀನಿನವ ಹಾರ್ನ್ ಹಾಕಿದರೆ ಬಾಲ್ಕನಿಯಿಂದ "ಲೈನಿನಲ್ಲಿ ಇರಿ!" ಎಂದು ಕೂಗಿ, ಚೀಲ ಕಟ್ಟಿದ ಹಗ್ಗ ತರಲು ಒಳಗೆ ಹೋಗುತ್ತಿದ್ದರು. ಮನುಷ್ಯರನ್ನು ಹೆಸರಿನಿಂದ ಕರೆಯುವುದು ಕಡಿಮೆ, ಊರಿನಿಂದ ಕರೆಯುವುದು ಹೆಚ್ಚು. ತಂಗಿ ಎಂದರೆ 'ಬೊಂಬಾಯಿ'. ನರ್ಸ್ ಆಗಿರುವ ಮಗಳು 'ಕುವೈತ್'. ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿರುವ ಮಗ 'ಶಕ್ತಿನಗರ'. ನಾನು 'ಗ್ರೌಂಡ್ ಫ್ಲೋರ್'.

ಹೆಡ್‌ಫೋನ್ ಹಾಕಿ ಹಾಕಿ ಅವರ ಎಡಗಿವಿ ಮಂದವಾಗಿತ್ತು. "ಎಡದ್ದು ಸರಕಾರಕ್ಕೆ ಕೊಟ್ಟಾಯ್ತು ಮಾರಾಯ್ತಿ. ಬಲದ್ದು ಮಾತ್ರ ನನ್ನದು. ಈ ಕಡೆ ಬಂದು ಮಾತಾಡು."

ನಾನು ಆಗ ಕೊಡಿಯಾಲ್‌ಬೈಲಿನ ಕಾಲೇಜಿನಲ್ಲಿ ಮೊದಲನೇ ವರ್ಷದ ಡಿಗ್ರಿ. ಕಾಲೇಜು ಮುಚ್ಚಿತು. ನನಗೆ ಚಿಕ್ಕಂದಿನಿಂದ ಎಣಿಸುವ ಅಭ್ಯಾಸ. ಬೇರೆ ಎಣಿಸಲು ಏನೂ ಇಲ್ಲದೆ ಟಿವಿಯಲ್ಲಿ ಬರುವ ಸೋಂಕಿನ ಲೆಕ್ಕವನ್ನು ದಿನವೂ ಕೆಂಪು ಶಾಯಿಯಲ್ಲಿ ಬರೆಯತೊಡಗಿದೆ. ಲಾಕ್‌ಡೌನಿನ ಎಂಟನೇ ದಿನ ಅಮ್ಮ ಕೊಟ್ಟ ಬಸಳೆ ಕೊಡಲು ಮೇಲೆ ಹೋದಾಗ ಅದನ್ನೇ ಹೇಳಿಕೊಂಡೆ.

"ನೀನು ಬರೆದ್ರೆ ಅದು ಕಡಿಮೆ ಆಗ್ತದಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ ಯಾಕೆ ಬರೀತೀ?"

"ಬರೆಯದಿದ್ರೆ ಹೆದರಿಕೆ ಆಗ್ತದೆ ಬಾಯಮ್ಮ."

ಅವರು ಜಪಮಾಲೆ ಎತ್ತಿ ತೋರಿಸಿದರು. "ಹಾಗಾದ್ರೆ ನಿನ್ನದೂ ಇದೇ. ನಿನ್ನದಕ್ಕೆ ಶಾಯಿ ಬೇಕು, ನನ್ನದಕ್ಕೆ ಬೇಡ. ಅಷ್ಟೇ ವ್ಯತ್ಯಾಸ."

ಇದನ್ನು ನಾನು ಒಪ್ಪಲಿಲ್ಲ. ಒಪ್ಪಲಿಲ್ಲ ಎಂದು ಆವತ್ತಿನ ಪುಟದಲ್ಲಿ ಬರೆದಿದ್ದೇನೆ ಕೂಡ. ಆದರೆ ಹನ್ನೊಂದನೇ ದಿನದಿಂದ ಸಂಜೆ ಏಳಕ್ಕೆ ಮಾಸ್ಕ್ ಹಾಕಿಕೊಂಡು ಅವರ ಮನೆಯ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂರಲು ಶುರುಮಾಡಿದೆ. ಅದಕ್ಕೆ ಕಾರಣ ತೇರ್ಸ್.

ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಸಂಜೆ ಎಲ್ಲರೂ ಸೇರಿ ಹೇಳುವ ಜಪಮಾಲೆಯ ಪ್ರಾರ್ಥನೆ ಅದು. ಹತ್ತು ಹತ್ತು ಮಣಿಗಳ ಐದು ಭಾಗ. ಒಬ್ಬರು 'ನಮಾನ್ ಮರಿಯೆ' ಎಂದು ಅರ್ಧ ಹೇಳಿದರೆ ಉಳಿದವರು 'ಸಾಂತ್ ಮರಿಯೆ' ಎಂದು ಇನ್ನರ್ಧ ಹೇಳಬೇಕು. ಒಬ್ಬರೇ ಹೇಳಿದರೆ ಅರ್ಧ ಯಾವಾಗಲೂ ಬಾಕಿ ಇದ್ದಂತೆ ಅನಿಸುತ್ತದೆ ಎಂದು ಬಾಯಮ್ಮನ ದೂರು. ಚರ್ಚು, ಅವರ ಮಾತಿನಲ್ಲಿ ಇಗರ್ಜಿ, ಮುಚ್ಚಿತ್ತು. ಮಗ ಶಕ್ತಿನಗರದಿಂದ ಬಂದರೂ ರಸ್ತೆಯಲ್ಲೇ ನಿಂತು, ಚೀಲಕ್ಕೆ ಮಾತ್ರೆ ಹಾಕಿ ಹೋಗುತ್ತಿದ್ದ. ದಿನವಿಡೀ ಕೆಮ್ಮುವವರ ಮಧ್ಯೆ ಇರುವವನು ತಾಯಿಯ ಹತ್ತಿರ ಹೋಗಲು ಹೆದರುತ್ತಿದ್ದ. "ಕುವೈತೂ ಅಷ್ಟೇ ದೂರ, ಶಕ್ತಿನಗರವೂ ಅಷ್ಟೇ ದೂರ ಆಯ್ತಲ್ಲ," ಎಂದರು. "ನೀನು ಆ ಕ್ಲಾಸು ಕೇಳುವುದುಂಟಲ್ಲ ಫೋನಿನಲ್ಲಿ, ಅದರಲ್ಲಿ ನನಗೆ ನಾಲ್ಕು ಲೈನ್ ಜೋಡಿಸಿ ಕೊಡ್ತೀಯಾ?"

ಆನ್‌ಲೈನ್ ಕ್ಲಾಸಿನ ಆ್ಯಪನ್ನು ಅವರ ಫೋನಿಗೆ ಹಾಕಿಕೊಟ್ಟೆ. ನಲವತ್ತು ನಿಮಿಷ ಪುಕ್ಕಟೆ ಎಂದಾಗ ಅವರು ನಂಬಲಿಲ್ಲ. "ನಲ್ವತ್ತು? ನಮ್ಮಲ್ಲಿ ಮೂರು ನಿಮಿಷ ಆದ ಕೂಡಲೇ ನಾನು ಮಧ್ಯೆ ಹೋಗಿ ಹೇಳ್ಬೇಕಿತ್ತು. ಜನ ಅತ್ತುಬಿಡ್ತಿದ್ರು. ನಲ್ವತ್ತು ನಿಮಿಷದಲ್ಲಿ ಒಂದು ಮದುವೆ ಮಾತುಕತೆ ಮುಗಿಸಬಹುದು."

ಏಳು ಎಂದರೆ ಏಳು. ಸೀರೆ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಲಗಿವಿ ಫೋನಿನ ಕಡೆಗೆ ತಿರುಗಿಸಿ ಕೂರುತ್ತಿದ್ದರು. "ಬೊಂಬಾಯಿ, ಇದ್ದೀಯಾ? ಕುವೈತ್? ಶಕ್ತಿನಗರ, ನಿನ್ನ ಕುಕ್ಕರ್ ಬಂದ್ ಮಾಡು." ಮೊದಲ ಹತ್ತು ಮಣಿ ಅವರದು, ಎರಡನೆಯದು ತಂಗಿಯದು, ಮೂರನೆಯದು ಮಗನದು, ನಾಲ್ಕನೆಯದು ಮಗಳದು, ಐದನೆಯದು ಪುನಃ ಅವರದು. ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರೆ ದೂರದ ಸ್ವರಗಳು ಒಂದರ ಮೇಲೊಂದು ಬಿದ್ದು ಸಂತೆಯಾಗುತ್ತಿತ್ತು. ಹಾಗಾಗಿ ಸದ್ದು ಮಾಡುವ ಲೈನುಗಳನ್ನು ಮ್ಯೂಟ್ ಮಾಡುವ ಕೆಲಸ ನನ್ನದು. ಅದನ್ನು ನಾನು ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದೆ. ಆ ಅಚ್ಚುಕಟ್ಟಿನ ವಿಷಯ ಮುಂದೆ ಬರುತ್ತದೆ.

ನಮ್ಮ ಬೀದಿಯಿಂದ ಆಸ್ಪತ್ರೆಗಳು ಹತ್ತಿರ. ಪ್ರಾರ್ಥನೆಯ ನಡುವೆ ಆಂಬುಲೆನ್ಸಿನ ಸೈರನ್ ಕೇಳಿದರೆ ಬಾಯಮ್ಮ ಕೈ ಎತ್ತುತ್ತಿದ್ದರು. ನಾಲ್ಕೂ ಕಡೆ ಜಪ ನಿಲ್ಲಬೇಕು. ಸದ್ದು ದೂರವಾದ ಮೇಲೆಯೇ ಮುಂದಿನ ಮಣಿ. "ಅದು ಲೈಟ್ನಿಂಗ್ ಕಾಲ್," ಎಂದು ನನಗೆ ವಿವರಿಸಿದರು. "ಎಲ್ಲಕ್ಕಿಂತ ಅರ್ಜೆಂಟಿನದ್ದಕ್ಕೆ ಹಾಗೆ ಹೇಳುವುದು. ಅದು ಬಂದ್ರೆ ಬಾಕಿಯವರೆಲ್ಲ ಕಾಯ್ಬೇಕು. ರೂಲ್ಸ್." ಆ ವರ್ಷ ತೇರ್ಸಿನ ನಡುವೆ ಹೀಗೆ ಕೈ ಎತ್ತಿದ್ದು ಇನ್ನೂರ ಎಂಟು ಸಲ.

ಪ್ರಾರ್ಥನೆ ಮುಗಿದ ಮೇಲೆ ಬೆಸಾಂವ್. ಕಿರಿಯರು ಕೈಮುಗಿದು "ಬೆಸಾಂವ್ ದಿ" ಎಂದು ಆಶೀರ್ವಾದ ಕೇಳಬೇಕು, ಹಿರಿಯರು "ದೇವ್ ಬರೆಂ ಕರುಂ" ಎನ್ನಬೇಕು, ದೇವರು ಒಳ್ಳೆಯದು ಮಾಡಲಿ ಎಂದು. ಮೊದಲು ತಂಗಿ, ಆಮೇಲೆ ಮಗಳು, ಕೊನೆಗೆ ಮಗ. ಕೇಳದೆ ಕೊಡುವ ಕ್ರಮವಿಲ್ಲ.

"ನೀನು ಯಾಕೆ ಕೇಳುವುದಿಲ್ಲ ಗ್ರೌಂಡ್ ಫ್ಲೋರ್? ಇದೂ ಪುಕ್ಕಟೆ."

"ನಮ್ಮಲ್ಲಿ ಕಾಲು ಹಿಡಿಯುವುದು ಬಾಯಮ್ಮ."

"ಅಯ್ಯೋ ಬೇಡ. ಕಾಲಲ್ಲಿ ವೆರಿಕೋಸ್ ಉಂಟು."

ಅವರ ಭಕ್ತಿ ಗಂಭೀರ ಮುಖದ್ದಲ್ಲ. ಭಾನುವಾರ ಟಿವಿಯಲ್ಲಿ ಬರುವ ಪೂಜೆಗೆ ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಹಾಕಿ, ಎದ್ದು ಕೂತು ಮೊಣಕಾಲೂರಿ ಎಲ್ಲ ಮಾಡುತ್ತಿದ್ದರು. ಪಕ್ಕದವರಿಗೆ ಶಾಂತಿ ಕೋರುವ ಘಟ್ಟ ಬಂದಾಗ ತಿರುಗಿ ಫ್ರಿಜ್ಜಿಗೆ ಕೈಮುಗಿದದ್ದನ್ನು ನಾನೇ ಕಂಡೆ. "ಪಕ್ಕದಲ್ಲಿ ಅದೇ ಅಲ್ವಾ ಇದ್ದದ್ದು?" ಎಂದರು. ತೇರ್ಸ್ ಆದ ಮೇಲೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಒಣಸಿಗಡಿ ಚಟ್ನಿ. ದೋಣಿಗಳು ನಿಂತು ಹಸಿ ಮೀನಿಲ್ಲದ ಆ ವಾರಗಳಲ್ಲಿ ಅವರ ಭರಣಿಯ ಸಿಗಡಿ ಕಟ್ಟಡದ ಆರು ಮನೆಗಳಿಗೂ ಇಳಿದು ಹೋಯಿತು. ಅದನ್ನು ಬಾಣಲೆಯಲ್ಲಿ ಹುರಿಯುವಾಗ ಬರುವ ಪರಿಮಳಕ್ಕೆ ನಮ್ಮ ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು, "ಬಾಯಮ್ಮ, ಇದಕ್ಕೆ ಮಾಸ್ಕ್ ತೆಗೆಯಬಹುದಾ?" ಎಂದು ಕೇಳುತ್ತಿದ್ದಳು.

ನನಗೆ ನಂಬಿಕೆಯ ವಿಷಯದಲ್ಲಿ ಒಂದು ಪ್ರಶ್ನೆ ಇತ್ತು, ಕೇಳಿಯೇಬಿಟ್ಟೆ. ಇಷ್ಟು ದಿನ ಕರೆದರೂ ದೇವರು ಉತ್ತರ ಕೊಡಲಿಲ್ಲವಲ್ಲ?

"ಪಾರ್ಟಿ ಫೋನ್ ಎತ್ಲಿಲ್ಲ ಅಂದ್ರೆ ಪಾರ್ಟಿ ಮನೇಲಿ ಇಲ್ಲ ಅಂತ ಅಲ್ಲ ಮಗಾ. ಹಿತ್ತಿಲಲ್ಲಿ ಇರಬಹುದು. ಕೈಯಲ್ಲಿ ಬೇರೆ ಕೆಲಸ ಇರಬಹುದು. ರಿಂಗ್ ಆಗ್ತದಾ ಇಲ್ವಾ, ನಾನು ನೋಡುವುದು ಅಷ್ಟೇ. ಕಾಲ್ ಬುಕ್ ಮಾಡಿದವನಿಗೆ ಅರ್ಧ ಅರ್ಧ ನಿಮಿಷಕ್ಕೊಮ್ಮೆ ಹೇಳ್ತಾ ಇರ್ಬೇಕು, ಪ್ರಯತ್ನ ಮಾಡ್ತಾ ಇದ್ದೇವೆ, ಲೈನಿನಲ್ಲಿ ಇರಿ ಅಂತ. ಅದು ಹೇಳದಿದ್ರೆ ಅವನು ಹೆದರಿ ಇಟ್ಟುಬಿಡ್ತಾನೆ."

ಈ ಧೈರ್ಯ ಅಲ್ಲಾಡಿದ್ದನ್ನು ನಾನು ಕಂಡದ್ದು ಒಂದೇ ಸಲ.

ಮೂವತ್ತನಾಲ್ಕನೇ ದಿನ ಕುವೈತಿನಿಂದ ಮಗಳು ಅತ್ತಿದ್ದಳು. ವಾರ್ಡಿನಲ್ಲಿ ಆಗುವುದಿಲ್ಲ, ರಜೆ ಹಾಕಿ ಕೋಣೆಯಲ್ಲಿ ಕೂರುತ್ತೇನೆ ಎಂದಿದ್ದಳು. ಬಾಯಮ್ಮ ಒಪ್ಪಿರಲಿಲ್ಲ. "ಬೋರ್ಡಿನಲ್ಲಿ ದೀಪ ಉರಿಯುವಾಗ ಆಪರೇಟರ್ ಕುರ್ಚಿ ಬಿಟ್ಟು ಏಳ್ತಾಳಾ? ಯಾರೋ ಕಾಯ್ತಾ ಇದ್ದಾರೆ ಆ ಕಡೆ." ಮಗಳು ಏಳಲಿಲ್ಲ. ಎಪ್ಪತ್ತೊಂದನೇ ದಿನ ಮಗ ರಸ್ತೆಯಿಂದಲೇ ಸುದ್ದಿ ಕೂಗಿ ಹೇಳಬೇಕಾಯಿತು. ಅವಳಿಗೂ ಸೋಂಕು ಬಂದಿದೆ. ನಾಲ್ಕು ದಿನ ಜ್ವರವನ್ನು ತಾಯಿಯಿಂದ ಮುಚ್ಚಿಟ್ಟಿದ್ದಾಳೆ. ಈಗ ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಆಕ್ಸಿಜನ್ ಮೇಲೆ ಮಲಗಿದ್ದಾಳೆ.

ಬಾಯಮ್ಮ ಬಾಲ್ಕನಿಯ ಸರಳು ಹಿಡಿದು ನಿಂತಿದ್ದರು. "ನಾನೇ ಏಳ್ಬೇಡ ಅಂತ ಹೇಳಿದ್ದು," ಎಂದರು. ನನಗೋ, ತಮಗೋ. ಆ ದಿನ ಸಿಗಡಿ ಹುರಿಯಲಿಲ್ಲ.

ಏಳಕ್ಕೆ ಮಾತ್ರ ಕೂತರು. ಮಗಳ ಜೊತೆ ಕೆಲಸ ಮಾಡುವ ಕೇರಳದ ನರ್ಸ್ ಒಬ್ಬಳು ಅಲ್ಲಿಯ ನಾಲ್ಕೂವರೆಗೆ ಸರಿಯಾಗಿ ಫೋನನ್ನು ದಿಂಬಿನ ಪಕ್ಕ ಇಟ್ಟು, ತನ್ನ ಕೆಲಸಕ್ಕೆ ಹೋಗುವುದೆಂದು ಏರ್ಪಾಡಾಯಿತು. ಲೈನ್ ತೆರೆದೊಡನೆ ಕೋಣೆ ತುಂಬ ಆಕ್ಸಿಜನ್ನಿನ ಸುಯ್ಯೆಂಬ ಸದ್ದು. ಒಂದು ಯಂತ್ರ ಎಡೆಬಿಡದೆ ಕೂಗುತ್ತಿತ್ತು. ಬೊಂಬಾಯಿಯ ಸ್ವರ ಕೇಳದು, ಶಕ್ತಿನಗರದ್ದು ಕೇಳದು. ಮೂರು ಲೈನಿಗೆ ಒಂದು ಲೈನಿನಿಂದ ತೊಂದರೆ. ನನ್ನ ಲೆಕ್ಕ ನೇರವಾಗಿತ್ತು. ಕುವೈತನ್ನು ಮ್ಯೂಟ್ ಮಾಡಿದೆ. ನಾವು ಹೇಳುವುದು ಅವಳಿಗೆ ಕೇಳುತ್ತದೆ, ಅಷ್ಟು ಸಾಕು ಎಂದುಕೊಂಡೆ.

ನಾಲ್ಕನೇ ಹತ್ತನ್ನು ಮಗನೇ ಹೇಳಿ ಮುಗಿಸಿದ. ಬೆಸಾಂವಿನ ಹೊತ್ತಿಗೆ ತಂಗಿ ಕೇಳಿದಳು, ಉತ್ತರ ಕೊಟ್ಟಾಯಿತು. ಆಮೇಲೆ ಬಾಯಮ್ಮ ಫೋನಿನ ಕಡೆಗೆ ಬಗ್ಗಿದರು. "ಕುವೈತ್?" ಕಾದರು. ನನ್ನ ಕಡೆ ನೋಡಿ, "ಅವಳ ಲೈನ್ ಉಂಟಾ?" ಎಂದರು.

"ಉಂಟು ಬಾಯಮ್ಮ," ಎಂದೆ. ಪರದೆಯಲ್ಲಿ ಅವಳ ಹೆಸರಿತ್ತು. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನವೂ ಹಾಗೆಯೇ ನಡೆಯಿತು.

ಮೂರನೆಯ ದಿನ ಬೆಳಿಗ್ಗೆ ಆ ನರ್ಸ್ ಕಳಿಸಿದ ಧ್ವನಿಸಂದೇಶ ಬಂತು. ಒತ್ತಿ ಕೇಳಿಸಬೇಕಾದವಳು ನಾನೇ. ಎರಡು ಸಂಜೆಯೂ ಮಗಳು ಮುಖವಾಡದೊಳಗಿಂದ ಕಷ್ಟಪಟ್ಟು ಬೆಸಾಂವ್ ಕೇಳಿದಳು, ಅಮ್ಮನ ಕಡೆಯಿಂದ ಆಶೀರ್ವಾದ ಬರಲಿಲ್ಲ. ಜ್ವರ ಮುಚ್ಚಿಟ್ಟದ್ದಕ್ಕೆ ಅಮ್ಮನಿಗೆ ಕೋಪವೇ ಎಂದು ಕೇಳುತ್ತಿದ್ದಾಳೆ. ಊಟವನ್ನೂ ಬೇಡವೆನ್ನುತ್ತಿದ್ದಾಳೆ. ಇಷ್ಟು ಅದರಲ್ಲಿತ್ತು.

ನಾನು ಮಾಡಿದ್ದನ್ನು ಹೇಳಿದೆ. ಹೇಳುವಾಗ ಅವರ ಮಂದ ಕಿವಿಯ ಬದಿಯಲ್ಲಿ ನಿಂತಿದ್ದೆ ಎಂಬುದು ಅರ್ಧಕ್ಕೆ ಬಂದಾಗ ಗೊತ್ತಾಯಿತು. ಈ ಕಡೆ ಬಂದು ಪುನಃ ಮೊದಲಿಂದ ಹೇಳಬೇಕಾಯಿತು.

ಅವರು ಫೋನನ್ನು ಕೆಳಗಿಟ್ಟರು. ಆಮೇಲೆ, "ಎಷ್ಟು ದಿನ?"

"ಎರಡು."

"ಬರೆದಿದ್ದೀಯಾ ಅದನ್ನು?"

"ಇಲ್ಲ."

"ಬರಿ."

ಬೈಗುಳ ಅಷ್ಟೇ. ನನ್ನ ಕಣ್ಣಲ್ಲಿ ನೀರು ಕಂಡು ಸ್ಟೂಲಿನಲ್ಲಿ ಕೂರಿಸಿದರು. "ಕೇಳು. ಕೆಲಸಕ್ಕೆ ಸೇರಿ ಮೊದಲನೇ ತಿಂಗಳು. ಬೊಂಬಾಯಿಗೆ ಒಂದು ಕಾಲ್. ಮಧ್ಯೆ ಹೋಗಿ ಕೇಳ್ತೇನೆ, ಎರಡೂ ಕಡೆ ಶಬ್ದ ಇಲ್ಲ. ಮಾತು ಮುಗೀತು ಅಂತ ಪಿನ್ ಎಳೆದು ಲೈನ್ ಕಟ್ ಮಾಡಿದೆ. ಮುಗಿದಿರಲಿಲ್ಲ ಮಗಾ. ಊರಿನಲ್ಲಿ ತಂದೆ ತೀರಿಹೋದದ್ದನ್ನು ಅಣ್ಣ ತಮ್ಮನಿಗೆ ಹೇಳಿದ್ದ. ಇಬ್ಬರೂ ಅಳ್ತಾ ಇದ್ರು, ಶಬ್ದ ಮಾಡದೆ. ನಮ್ಮ ಮೇಲಿನವರು ಅವತ್ತು ಹೇಳಿದ್ದು ಈಗಲೂ ನೆನಪುಂಟು. ಸುಮ್ಮನಿದ್ದಾರೆ ಅಂದ್ರೆ ಮಾತು ಮುಗೀತು ಅಂತ ಅಲ್ಲ."

"ಆಮೇಲೆ ಎಂತ ಮಾಡಿದ್ರಿ?"

"ಎಂತ ಮಾಡುವುದು? ಪುನಃ ಜೋಡಿಸಿದೆ. ಎರಡು ಗಂಟೆ ಬೇಕಾಯ್ತು. ಜೋಡಿಸುವುದೇ ನಮ್ಮ ಕೆಲಸ, ಅತ್ತುಕೊಂಡು ಕೂರುವುದಲ್ಲ. ಏಳಕ್ಕೆ ಬಾ."

ಆ ಸಂಜೆ ಬಾಯಮ್ಮ ಎರಡು ಕ್ರಮಗಳನ್ನು ಮುರಿದರು. ಬೆಸಾಂವನ್ನು ಪ್ರಾರ್ಥನೆಗೆ ಮೊದಲೇ ಇಟ್ಟರು. ಅದೂ ಕೇಳುವ ಮೊದಲೇ ಕೊಟ್ಟರು. ಸುಯ್ಯೆಂಬ ಸದ್ದು ಕೋಣೆ ತುಂಬಿರುವಾಗ ಫೋನಿಗೆ ಬಾಯಿ ಹತ್ತಿರ ತಂದು ಮೂರು ಸಲ ಕೊಂಕಣಿಯಲ್ಲಿ ಹೇಳಿದರು: "ದೇವ್ ಬರೆಂ ಕರುಂ. ಕೋಪ ಇಲ್ಲ ಮಗಳೇ. ಆ ಎರಡು ದಿನ ಲೈನ್ ನಮ್ಮ ಕಡೆ ಹಾಳಾಗಿತ್ತು." ನಮ್ಮ ಕಡೆ ಎಂದರು, ನನ್ನ ಹೆಸರು ಹೇಳಲಿಲ್ಲ.

ನಾಲ್ಕನೇ ಹತ್ತು ಬಂದಾಗ ಮಗ ಶುರುಮಾಡಲು ಹೊರಟ. ಬಾಯಮ್ಮ ತಡೆದರು. "ಅದು ಅವಳದ್ದು. ಯಾರೂ ಹೇಳುವುದು ಬೇಡ."

"ಮತ್ತೆ ಹತ್ತು ಆಯ್ತು ಅಂತ ಹೇಗೆ ಗೊತ್ತಾಗುವುದು ಮಾಂಯ್?"

"ಗ್ರೌಂಡ್ ಫ್ಲೋರ್ ಎಣಿಸ್ತಾಳೆ. ಎಣಿಸುವುದು ಅವಳಿಗೆ ಗೊತ್ತುಂಟು. ಮಣಿ ಮಾತ್ರ ಕುವೈತಿನದ್ದು."

ಹಾಗೆ ನನ್ನ ಕೈಗೆ ಜಪಮಾಲೆ ಬಂತು. ನನಗೆ ಪ್ರಾರ್ಥನೆ ಬಾರದು. ಒಂದು 'ನಮಾನ್ ಮರಿಯೆ'ಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆ ಸುಯ್ಯೆಂಬ ಸದ್ದನ್ನು ಕೇಳುವುದು, ಮಣಿ ದಾಟಿಸುವುದು. ಮೊದಲ ದಿನ ಅದು ಸಹಿಸಲಾಗದ ಸದ್ದು. ನಾಲ್ಕೈದು ದಿನಗಳಲ್ಲಿ ಅದರೊಳಗೆ ಉಸಿರು ಬೇರೆ, ಯಂತ್ರ ಬೇರೆ ಎಂದು ಗುರುತಾಗತೊಡಗಿತು. ಹತ್ತನೇ ದಿನ ಉಸಿರಿನ ಲಯ ನನಗೆ ಬಾಯಿಪಾಠ. ಪ್ರತಿ ಹತ್ತಿನ ಕೊನೆಗೆ ಬಾಯಮ್ಮ ಹಳೆಯ ಡ್ಯೂಟಿಯ ಸ್ವರದಲ್ಲಿ, "ಪ್ರಯತ್ನ ಮಾಡ್ತಾ ಇದ್ದೇವೆ. ಲೈನಿನಲ್ಲಿ ಇರು," ಎನ್ನುತ್ತಿದ್ದರು. ಆ ದಿನಗಳಲ್ಲಿ ನಾನು ಟಿವಿ ನೋಡಿದ್ದು ಕಡಿಮೆ. ಡೈರಿಯಲ್ಲಿ ಕೆಂಪು ಶಾಯಿ ನಿಂತದ್ದು ಆಗಲೇ. ಎರಡನೇ ವಾರದಿಂದ ಸಿಗಡಿಯ ಪರಿಮಳವೂ ಮೆಟ್ಟಿಲಿಳಿದು ಬಂತು. "ಅವಳು ಎದ್ದು ಕೇಳ್ತಾಳೆ, ಮಾಂಯ್ ಎಂತ ತಿಂದೆ ಅಂತ. ಎಂತದೂ ತಿನ್ಲಿಲ್ಲ ಅಂದ್ರೆ ಬೈಗುಳ ಯಾರಿಗೆ?"

ಹತ್ತೊಂಬತ್ತು ಸಂಜೆ, ನೂರ ತೊಂಬತ್ತು ಮಣಿ. ಇಪ್ಪತ್ತನೆಯ ಸಂಜೆ ಇನ್ನೂ ಆರು. ಏಳನೆಯ ಮಣಿಯ ಮೇಲೆ ಬೆರಳಿಟ್ಟಾಗ ಸದ್ದಿನೊಳಗಿಂದ ಒಡೆದ ಸ್ವರವೊಂದು "ನಮಾನ್..." ಎಂದಿತು. ನಿಂತಿತು. "ಮರಿಯೆ," ಎಂದಿತು.

ಬೊಂಬಾಯಿ ಚೀರಿದಳು. ಮಗ ಏನೋ ಹೇಳಲು ಹೋಗಿ ಬಿಕ್ಕಿದ. ಬಾಯಮ್ಮ ಮಾತ್ರ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು, ಸೈರನ್ನಿಗೆ ಎತ್ತುವ ಹಾಗೆಯೇ. ಮಗಳು ಅರ್ಧ ಮುಗಿಸುವವರೆಗೆ ಕಾದರು. ಎಷ್ಟು ಹೊತ್ತು ಎಂದು ಎಣಿಸಲಿಲ್ಲ. ಅದೊಂದು ನನ್ನ ಲೆಕ್ಕದಲ್ಲಿ ತಪ್ಪಿಹೋಗಿದೆ. ಆಮೇಲೆ ಇನ್ನರ್ಧವನ್ನು ಅವರೊಬ್ಬರೇ ಹೇಳಿದರು. ಸ್ವರ ಸ್ವಲ್ಪವೂ ನಡುಗಲಿಲ್ಲ. ಜಪ ಮುಗಿದು ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಪುನಃ ತೊಳೆದರು.

ಗುಣ ಮಾಡಿದ್ದು ದೇವರೋ ಔಷಧಿಯೋ ಎಂದು ಒಂದು ದಿನ ಕೇಳಿದೆ. "ಇಬ್ಬರೂ ಡ್ಯೂಟಿಯಲ್ಲಿ ಇದ್ರು ಮಾರಾಯ್ತಿ. ಹಾಜರಿ ಪುಸ್ತಕ ನೋಡುವ ಕೆಲಸ ನಮಗೆ ಯಾಕೆ?" ಎಂದರು.

ಊರು ತೆರೆಯಿತು. ಮಗ ಮೆಟ್ಟಿಲು ಹತ್ತಿ ಬಂದ. ತೇರ್ಸಿನ ಕಾಲ್ ಮಾತ್ರ ನಿಲ್ಲಲಿಲ್ಲ. ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಏಳಕ್ಕೆ ಮನೆಯಲ್ಲಿದ್ದರೆ ಮೇಲೆ ಹೋಗುತ್ತಿದ್ದೆ. ಜೋಡಿಸುವುದನ್ನು ಅವರು ಎಂದೋ ಕಲಿತಿದ್ದರು. ಆದರೂ ಗುಂಡಿ ಒತ್ತಲು ನನಗೇ ಬಿಡುತ್ತಿದ್ದರು. ಮ್ಯೂಟನ್ನು ಮಾತ್ರ ನಾನು ಮತ್ತೆ ಮುಟ್ಟಲಿಲ್ಲ. ಶಕ್ತಿನಗರದ ಕುಕ್ಕರ್ ಕೂಗಿದರೆ ಕೂಗಲಿ.

ಈ ವರ್ಷ ಅವರ ಎದೆ ಸೋತಿತು. ಕೊನೆಯ ಮೂರು ದಿನ ಮಾತಿಲ್ಲ, ಕಣ್ಣು ತೆರೆಯುವುದೂ ಇಲ್ಲ. ಕುವೈತಿನಿಂದ ಮಗಳು ಬಂದಿದ್ದಳು, ಮಗ ಇದ್ದ, ಬೊಂಬಾಯಿ ಫೋನಿನಲ್ಲಿತ್ತು. ಮೂರನೆಯ ಸಂಜೆ ಏಳಕ್ಕೆ ಮಗಳು ಮಂಚದ ಪಕ್ಕ ಕೂತು ತೇರ್ಸ್ ಶುರುಮಾಡಿದಳು. ಮೊದಲ ಹತ್ತು ಬಾಯಮ್ಮನದು. ಯಾರೂ ಬಾಯಿ ತೆರೆಯಲಿಲ್ಲ. ಮಗಳು ಜಪಮಾಲೆಯನ್ನು ಮಾತಿಲ್ಲದೆ ನನ್ನ ಕೈಗೆ ಕೊಟ್ಟಳು. ಆ ಉಸಿರನ್ನು ಕೇಳುತ್ತ ಹತ್ತು ಎಣಿಸಿದೆ.

ಕೊನೆಗೆ ಬೆಸಾಂವ್. ತಂಗಿ ಕೇಳಿದಳು. ಮಗಳು ಕೇಳಿದಳು. ಮಗ ಕೇಳಿದ. ಮಂಚದಿಂದ ಉತ್ತರವಿಲ್ಲ. ಆದರೆ ಯಾರೂ ಏಳಲಿಲ್ಲ, ಫೋನನ್ನು ಯಾರೂ ಇಡಲಿಲ್ಲ. ನಾನು ಅವರ ಬಲಗಿವಿಯ ಬದಿಗೆ ಬಂದು, ಬಗ್ಗಿ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ.

ಆ ದಿನದ ಪುಟ ಚಿಕ್ಕದು. ತೇರ್ಸ್: ಒಂದು. ಸೈರನ್: ಎರಡು. ಬೆಸಾಂವ್ ಕೇಳಿದವರು: ನಾಲ್ಕು. ಉತ್ತರ: ಬಂದಿಲ್ಲ. ಲೈನ್: ಉಂಟು.